ಅರ್ಥವಾಗದ ಮಾತು ಮದ್ದಾಗುವುದಿಲ್ಲ

(ಕಲಾಸಿಪಾಳ್ಯದಲ್ಲಿ ನಡೆದ ಮಾಸಿಕ ಶರಣ ಚಿಂತನ ಗೋಷ್ಠಿಯಲ್ಲಿ ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)



 

ಗೋಷ್ಠಿಯ ಸಂಚಾಲಕರು ನನ್ನ ಕ್ಲಿನಿಕ್ಕಿಗೆ ಬಂದು, "ಡಾಕ್ಟ್ರೇ, ಈ ತಿಂಗಳು ನೀವು ಮಾತಾಡಬೇಕು" ಎಂದಾಗ ಸಕ್ಕರೆ ಕಾಯಿಲೆಯ ಬಗ್ಗೆಯೋ, ರಕ್ತದೊತ್ತಡದ ಬಗ್ಗೆಯೋ ಕೇಳುತ್ತಾರೆ ಅಂದುಕೊಂಡೆ. ಅವರು ನಕ್ಕು, "ಅದೆಲ್ಲ ಈಗ ಮೊಬೈಲಿಗೇ ಬರುತ್ತೆ. ಡಾಕ್ಟರ ಹತ್ತಿರ ನಾವು ಹೇಗೆ ಮಾತಾಡಬೇಕು, ನಮ್ಮ ಹತ್ತಿರ ಡಾಕ್ಟರು ಹೇಗೆ ಮಾತಾಡಬೇಕು, ಅದನ್ನ ಹೇಳಿ" ಎಂದರು. ಮೂವತ್ತು ವರ್ಷಗಳಿಂದ ವೈದ್ಯ ವೃತ್ತಿಯಲ್ಲಿದ್ದೇನೆ. ಈ ವಿಷಯದ ಮೇಲೆ ಮಾತಾಡಿ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನನಗೆ ಯಾರೂ ಕಲಿಸಿಯೂ ಇರಲಿಲ್ಲ. ನಾನು ಕಲಿತದ್ದು ತಪ್ಪು ಮಾಡಿ. ಆ ತಪ್ಪಿನಿಂದಲೇ ಮಾತು ಶುರು ಮಾಡುತ್ತೇನೆ.

ನಾವು ಕೂತಿರುವ ಈ ಜಾಗ ನಿಮಗೆಲ್ಲ ಗೊತ್ತು. ಒಂದು ಕಡೆ ಬಸ್ ನಿಲ್ದಾಣ, ಇನ್ನೊಂದು ಕಡೆ ಲಾರಿ ಆಫೀಸುಗಳು, ಆಚೆ ಕೆ.ಆರ್. ಮಾರುಕಟ್ಟೆ. ಹತ್ತು ನಿಮಿಷ ನಡೆದರೆ ವಿಕ್ಟೋರಿಯಾ, ವಾಣಿ ವಿಲಾಸ, ಮಿಂಟೋ ಆಸ್ಪತ್ರೆಗಳು. 1897ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಡಿಗಲ್ಲಿಟ್ಟ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಬಾಗಿಲು ತೆರೆಯಿತು. ಅಂದಿನಿಂದ ಇಂದಿನವರೆಗೆ ನಾಡಿನ ಮೂಲೆ ಮೂಲೆಯ ಕಾಯಿಲೆಯವರು ಚೀಟಿ ಹಿಡಿದುಕೊಂಡು ಇದೇ ಬೀದಿಗಳಲ್ಲಿ ಇಳಿದು, ದಾರಿ ಕೇಳಿಕೊಂಡು ಹೋಗುತ್ತಿದ್ದಾರೆ. ನನ್ನ ಸಣ್ಣ ಕ್ಲಿನಿಕ್ಕಿಗೆ ಬರುವವರೂ ಅಂಥವರೇ. ಹಮಾಲರು, ಲಾರಿ ಡ್ರೈವರ್‌ಗಳು, ತರಕಾರಿ ಮಂಡಿಯವರು, ಹೂ ಕಟ್ಟುವ ಹೆಣ್ಣುಮಕ್ಕಳು. ಒಂದೇ ಸಂಜೆಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ ಎಲ್ಲ ಕಿವಿಗೆ ಬೀಳುತ್ತವೆ.

ಹಲವು ವರ್ಷಗಳ ಹಿಂದೆ ಮಾರುಕಟ್ಟೆಯಲ್ಲಿ ಹೂ ಮಾರುವ ಒಬ್ಬ ತಾಯಿ ಬಂದರು. ವಯಸ್ಸು ಐವತ್ತರ ಆಸುಪಾಸು. ಕೈಬೆರಳ ಗಂಟುಗಳು ಊದಿಕೊಂಡು, ಬೆಳಗ್ಗೆ ಎದ್ದರೆ ಹೂವಿನ ದಾರ ಹಿಡಿಯಲು ಆಗುತ್ತಿರಲಿಲ್ಲ. ಅದು ಸಂಧಿವಾತ. ಪರೀಕ್ಷೆ ಮಾಡಿಸಿ ಮೆಥೋಟ್ರೆಕ್ಸೇಟ್ ಎಂಬ ಮಾತ್ರೆ ಬರೆದೆ. ಒಳ್ಳೆಯ ಮಾತ್ರೆ, ಆದರೆ ವಾರಕ್ಕೆ ಒಂದೇ ದಿನ ನುಂಗಬೇಕು. ದಿನಾ ನುಂಗಿದರೆ ವಿಷವಾಗುತ್ತದೆ. ಅದರ ಜೊತೆಗೆ ಉಳಿದ ದಿನಗಳಿಗೆಂದು ಫೋಲಿಕ್ ಆಮ್ಲದ ಮಾತ್ರೆ ಕೊಟ್ಟೆ. ಎರಡೂ ಸಣ್ಣವು, ಎರಡೂ ಹಳದಿ. ಚೀಟಿಯಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದಿದ್ದೆ. ಬರೆದದ್ದರಲ್ಲಿ ಏನೂ ತಪ್ಪಿರಲಿಲ್ಲ.

ಆ ತಾಯಿ ಎದ್ದು ಬಾಗಿಲ ತನಕ ಹೋಗಿ ತಿರುಗಿ ನಿಂತು, "ಸ್ವಾಮಿ, ಈ ಹಳದಿ ಮಾತ್ರೆ ದಿನಾ ತಗೊಳ್ಳೋದಾ?" ಎಂದು ಕೇಳಿದರು. ಆಗಲೇ ಮುಂದಿನವರು ಒಳಗೆ ಬಂದಿದ್ದರು. ನಾನು ಫೋಲಿಕ್ ಆಮ್ಲದ ಮಾತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ತಲೆ ಎತ್ತದೆ "ಹೂಂ" ಅಂದೆ.

ಹನ್ನೆರಡನೇ ದಿನ ಅವರ ಮಗ ಓಡಿ ಬಂದ. ತಾಯಿಗೆ ಬಾಯಿ ತುಂಬ ಹುಣ್ಣು, ಜ್ವರ, ನೀರು ಸಹ ಗಂಟಲಲ್ಲಿ ಇಳಿಯುತ್ತಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣಗಳು ಕುಸಿದು ಹೋಗಿದ್ದವು. ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಹದಿನೆಂಟು ದಿನ ಅಲ್ಲಿದ್ದರು. ಉಳಿದರು, ಅದು ನನ್ನ ಪುಣ್ಯ. ಮಾತಾಡುವಂತಾದ ಮೇಲೆ ನೋಡಲು ಹೋದೆ. ನಾನು ಏನು ಹೇಳುವುದೆಂದು ತೋಚದೆ ನಿಂತಿದ್ದಾಗ ಅವರೇ ಮೆಲ್ಲಗೆ, "ನಾನು ಕೇಳಿದ್ನಲ್ಲ ಸ್ವಾಮಿ, ದಿನಾ ತಗೊಳ್ಳೋದಾ ಅಂತ. ನೀವು ಹೂಂ ಅಂದ್ರಿ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಶರಣ ಬಂಧುಗಳೇ, ರೋಗ ಕಂಡುಹಿಡಿದದ್ದು ಸರಿ ಇತ್ತು, ಮಾತ್ರೆ ಸರಿ ಇತ್ತು, ಅಳತೆಯೂ ಸರಿ ಇತ್ತು. ಒಂದು "ಹೂಂ" ತಪ್ಪಿತ್ತು. ಅಲ್ಲಿಯವರೆಗೆ ನಾನು ಮಾತನ್ನು ಚಿಕಿತ್ಸೆಯ ಮೇಲಿನ ಒಗ್ಗರಣೆ ಅಂದುಕೊಂಡಿದ್ದೆ. ಇದ್ದರೆ ರುಚಿ, ಇಲ್ಲದಿದ್ದರೂ ನಡೆಯುತ್ತದೆ ಎಂದು. ಅಂದು ಗೊತ್ತಾಯಿತು, ಮಾತು ಚಿಕಿತ್ಸೆಯ ಒಂದು ಭಾಗ. ರೋಗಿಗೆ ಅರ್ಥವಾಗುವ ತನಕ ಮದ್ದು ಕೊಟ್ಟಂತಾಗುವುದಿಲ್ಲ. ಇವತ್ತು ನಾನು ಹೇಳಬೇಕಾದದ್ದು ಇದೊಂದೇ.

ಇದನ್ನು ಬೇರೆ ಯಾರಿಗೆ ಬಿಡಿಸಿ ಹೇಳಬೇಕಾದರೂ, ಬಸವಾದಿ ಶರಣರ ಅನುಯಾಯಿಗಳಾದ ನಮಗೆ ಹೇಳಬೇಕಾಗಿಲ್ಲ. ಹನ್ನೆರಡನೇ ಶತಮಾನದಲ್ಲಿ ಶರಣರು ಮಾಡಿದ ದೊಡ್ಡ ಕೆಲಸವಾದರೂ ಏನು? ಸಂಸ್ಕೃತದಲ್ಲಿ ಕೆಲವರ ಕೈಯಲ್ಲೇ ಉಳಿದಿದ್ದ ಅರಿವನ್ನು ಮಡಿವಾಳರು, ಅಂಬಿಗರು, ಮಾದಾರರು, ಕಸ ಗುಡಿಸುವ ತಾಯಂದಿರು ಆಡುವ ಕನ್ನಡಕ್ಕೆ ತಂದರು. ತಿಳಿಯದ ಮಂತ್ರಕ್ಕೆ ಕೈ ಮುಗಿಯುವುದು ಭಕ್ತಿಯಲ್ಲ ಎಂದರು. ಅನುಭವ ಮಂಟಪದಲ್ಲಿ ಒಬ್ಬರು ಹೇಳುವುದು, ಉಳಿದವರು ತಲೆದೂಗುವುದು ಎಂಬುದಿರಲಿಲ್ಲ. ಪ್ರಶ್ನೆ ಇತ್ತು, ಮರುಪ್ರಶ್ನೆ ಇತ್ತು. ಶೂನ್ಯಸಂಪಾದನೆಯನ್ನು ಓದಿದವರಿಗೆ ಗೊತ್ತು, ಅದು ಉದ್ದಕ್ಕೂ ಸಂವಾದ. ಆ ಕೂಟದಲ್ಲಿ ವೈದ್ಯ ಸಂಗಣ್ಣ ಎಂಬ ಶರಣರೂ ಇದ್ದರು. ವೈದ್ಯವೇ ಅವರ ಕಾಯಕ. ತಮ್ಮ ವೃತ್ತಿಯ ಮಾತುಗಳನ್ನೇ ಅವರು ವಚನಕ್ಕೆ ತಂದರು.

ಇಂದು ನಮ್ಮ ವೈದ್ಯಕೀಯಕ್ಕೂ ಒಂದು ಸಂಸ್ಕೃತ ಬಂದುಬಿಟ್ಟಿದೆ. ಅದರ ಹೆಸರು ಇಂಗ್ಲಿಷ್. ಇಂಗ್ಲಿಷಿನಲ್ಲಿ ಓದುವುದು ತಪ್ಪಲ್ಲ, ನಾನೂ ಓದಿದ್ದೇನೆ. ರೋಗಿಯ ಮುಂದೆ ಅದನ್ನು ಮಂತ್ರದಂತೆ ಹೇಳಿ ಕಳಿಸುವುದು ತಪ್ಪು. "ರಿಪೋರ್ಟ್ ನೆಗೆಟಿವ್ ಬಂದಿದೆ" ಎಂದರೆ ಎಷ್ಟೋ ಜನ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ನೆಗೆಟಿವ್ ಎಂದರೆ ಕೆಟ್ಟದ್ದು ಎಂದು ಅವರ ಲೆಕ್ಕ. "ಪಾಸಿಟಿವ್" ಎಂದಾಗ ನಿಟ್ಟುಸಿರು ಬಿಟ್ಟವರನ್ನೂ ಕಂಡಿದ್ದೇನೆ. "ಕೋರ್ಸ್ ಕಂಪ್ಲೀಟ್ ಮಾಡಿ" ಎಂದರೆ ಕ್ಷಯದ ರೋಗಿಗೆ ಏನು ತಿಳಿಯಬೇಕು? ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕಾದವನು ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಬಿಟ್ಟುಬಿಡುತ್ತಾನೆ. ಆಮೇಲೆ ಮಾತ್ರೆಗೂ ಬಗ್ಗದ ಕ್ಷಯ ಬಂದಾಗ, "ಹೇಳಿದ್ದೆನಲ್ಲ" ಎನ್ನುತ್ತೇವೆ. ಹೇಳಿದ್ದೆವು ನಿಜ, ಅವನಿಗೆ ತಲುಪಿರಲಿಲ್ಲ.

ಕನ್ನಡದಲ್ಲಿ ಮಾತಾಡಿದರೆ ಸಾಕೇ ಎಂದರೆ, ಅದೂ ಸಾಲದು. ಯಾವ ಕನ್ನಡ? ನಮ್ಮಲ್ಲಿ ಕೆಲಸಕ್ಕಿದ್ದ ಒಬ್ಬ ಕಿರಿಯ ವೈದ್ಯರು ಒಳ್ಳೆಯ ಹುಡುಗ, ಬೆಂಗಳೂರಿನವರೇ. ರಾಯಚೂರು ಕಡೆಯ ಹಮಾಲರೊಬ್ಬರು ಬಂದು, "ಹೊಟ್ಟಿ ಬಾಳ ಕಡೀತೈತ್ರಿ" ಎಂದರು. ಇವರು ಅಂಗಿ ಎತ್ತಿ ನೋಡಿ, ಗಂಧೆಯೇನೂ ಕಾಣದಿದ್ದರೂ ನವೆಗೆ ಮುಲಾಮು ಬರೆದುಕೊಟ್ಟರು. ಬೆಂಗಳೂರಿನಲ್ಲಿ ಕಡಿತ ಎಂದರೆ ನವೆ. ಆ ಕಡೆ ಹೊಟ್ಟೆ ಕಡಿತ ಎಂದರೆ ಹೊಟ್ಟೆಯೊಳಗಿನ ನೋವು. ಅದೃಷ್ಟಕ್ಕೆ ಅವರು ನನ್ನ ಕಣ್ಣಿಗೆ ಬಿದ್ದರು. ಹಾಗೆಯೇ "ತಲಿಶೂಲಿ" ಎಂದರೆ ಬರಿಯ ತಲೆನೋವು, ಶೂಲೆ ಎಂಬ ಮಾತು ಕೇಳಿ ಹೆದರಬೇಕಿಲ್ಲ.

ಇದರ ಎದುರು ಬದಿಯೂ ಇದೆ. ರೋಗಿ ತಾನೇ ಒಂದು ಇಂಗ್ಲಿಷ್ ಮಾತು ಹಿಡಿದು ಬರುತ್ತಾನೆ. ನಮ್ಮ ಕಡೆ ಬಹಳ ಅಪಾಯದ ಮಾತು ಯಾವುದೆಂದರೆ "ಗ್ಯಾಸ್ಟ್ರಿಕ್". ಲಾರಿ ಡ್ರೈವರ್ ಒಬ್ಬರು ಬೆವರು ಒರೆಸಿಕೊಳ್ಳುತ್ತ ಬಂದು, "ಗ್ಯಾಸ್ಟ್ರಿಕ್ ಆಗಿದೆ ಸಾರ್, ಒಂದು ಇಂಜೆಕ್ಷನ್ ಹಾಕಿಬಿಡಿ, ಲೋಡ್ ಕಾಯ್ತಾ ಇದೆ" ಎಂದರು. "ಗ್ಯಾಸ್ಟ್ರಿಕ್ ಅನ್ನೋದು ಬಿಡಿ. ಏನಾಗ್ತಿದೆ, ಎಲ್ಲಿ ಆಗ್ತಿದೆ, ಅದನ್ನ ಹೇಳಿ" ಎಂದೆ. ಎದೆಯ ಮೇಲೆ ಅಂಗೈ ಇಟ್ಟು, "ಇಲ್ಲಿ ಕಲ್ಲು ಇಟ್ಟಂಗೆ, ಎಡಗೈ ಜೋಮು" ಎಂದರು. ಇಸಿಜಿ ಮಾಡಿದರೆ ಹೃದಯಾಘಾತ. ಅಂದು ನಾನು ಅವರು ಕೇಳಿದ ಇಂಜೆಕ್ಷನ್ ಹಾಕಿ ಕಳಿಸಿದ್ದರೆ ಹೊಸೂರು ರಸ್ತೆಯಲ್ಲಿ ಅವರ ಜೊತೆ ಇನ್ನೆಷ್ಟು ಜನ ಹೋಗುತ್ತಿದ್ದರೋ. ಆದ್ದರಿಂದ ನಿಮ್ಮಲ್ಲಿ ನನ್ನ ಮೊದಲ ಬಿನ್ನಹ: ವೈದ್ಯರ ಬಳಿ ರೋಗದ ಹೆಸರು ಹೇಳಬೇಡಿ, ಆಗುತ್ತಿರುವುದನ್ನು ಹೇಳಿ. ಹೆಸರಿಡುವುದು ನಮ್ಮ ಕೆಲಸ.

ಇನ್ನು ಕೇಳುವುದರ ಬಗ್ಗೆ. 1984ರಲ್ಲಿ ಅಮೆರಿಕದಲ್ಲಿ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ರೋಗಿ ತನ್ನ ಕಷ್ಟ ಹೇಳಲು ಶುರು ಮಾಡಿದ ಮೇಲೆ ವೈದ್ಯರು ಎಷ್ಟು ಹೊತ್ತಿಗೆ ಬಾಯಿ ಹಾಕುತ್ತಾರೆ ಎಂದು ಅಳೆದರು. ಸರಾಸರಿ 18 ಸೆಕೆಂಡು. 2017ರಲ್ಲಿ ಹಲವು ದೇಶಗಳ ಮಾಹಿತಿ ಒಟ್ಟುಗೂಡಿಸಿದ ಇನ್ನೊಂದು ಅಧ್ಯಯನದ ಪ್ರಕಾರ ಸ್ವೀಡನ್ನಿನಲ್ಲಿ ಒಬ್ಬ ರೋಗಿಗೆ ಸುಮಾರು 22 ನಿಮಿಷ ಸಿಗುತ್ತದೆ, ನಮ್ಮ ದೇಶದಲ್ಲಿ ಸುಮಾರು 2 ನಿಮಿಷ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಮುಂದೆ ಬೆಳಗಿನ ಸಾಲು ನೋಡಿದವರು ಇದಕ್ಕಾಗಿ ಅಲ್ಲಿನ ವೈದ್ಯರನ್ನು ಬೈಯಲಾರರು. ನೂರು ಜನ ಹೊರಗೆ ನಿಂತಿರುವಾಗ ಯಾರು ತಾನೇ ನಿಧಾನವಾಗಿ ಕೇಳಿಯಾರು? ವೈದ್ಯರ ಸಂಖ್ಯೆ ಹೆಚ್ಚಬೇಕು, ಅದು ಸರ್ಕಾರದ ಹೊಣೆ. ಆದರೆ ಸಿಕ್ಕ ಎರಡು ನಿಮಿಷದಲ್ಲೂ ಮೊದಲ ಅರ್ಧ ನಿಮಿಷ ರೋಗಿಯ ಮುಖ ನೋಡಿ ಸುಮ್ಮನೆ ಕೇಳಿದರೆ, ಮುಂದಿನ ಎಷ್ಟೋ ಪ್ರಶ್ನೆ ಉಳಿಯುತ್ತವೆ. ಇದನ್ನು ನಾನು ಮಾಡಿ ನೋಡಿ ಹೇಳುತ್ತಿದ್ದೇನೆ.

ನಾವು ಕರೆಯುವ ರೀತಿಯನ್ನೂ ನೋಡಿಕೊಳ್ಳಬೇಕು. ಕಾರಿನಲ್ಲಿ ಬಂದವರಿಗೆ "ಕೂತ್ಕೊಳ್ಳಿ ಸಾರ್". ತಲೆಯ ಮೇಲೆ ಮೂಟೆ ಹೊತ್ತು ಬಂದವರಿಗೆ "ಏನಯ್ಯಾ, ಕುಡೀತೀಯಾ?" ವಯಸ್ಸಿನಲ್ಲಿ ತಂದೆಯಂತಿರುವವರಿಗೆ ಏಕವಚನ. ಬಸವಣ್ಣನವರು ಆಡುವ ಮಾತಿನ ಗೌರವದಲ್ಲೇ ಸ್ವರ್ಗ ನರಕಗಳನ್ನು ಕಂಡವರು. ಅವರ ಭಾವಚಿತ್ರ ಗೋಡೆಯ ಮೇಲಿಟ್ಟುಕೊಂಡ ವೈದ್ಯರು ರೋಗಿಯನ್ನು ಗದರುವುದು ಹೇಗೆ? ಗದರಿಸಿಕೊಂಡವನು ಸುಳ್ಳು ಹೇಳುತ್ತಾನೆ. ಕುಡಿತವನ್ನು ಮುಚ್ಚಿಡುತ್ತಾನೆ, ನಾಟಿ ಮದ್ದು ತಿಂದದ್ದನ್ನು ಮುಚ್ಚಿಡುತ್ತಾನೆ, ದುಡ್ಡಿಲ್ಲದೆ ಮಾತ್ರೆ ಬಿಟ್ಟದ್ದನ್ನೂ ಮುಚ್ಚಿಡುತ್ತಾನೆ. ಮಾತ್ರೆ ಕೆಲಸ ಮಾಡುತ್ತಿಲ್ಲವೆಂದು ನಾವು ಇನ್ನೊಂದು ಬರೆಯುತ್ತೇವೆ.

ತಾಯಂದಿರ ವಿಷಯದಲ್ಲಿ ಇನ್ನೊಂದು ತೊಡಕಿದೆ. "ಏನಮ್ಮಾ, ಏನು ತೊಂದರೆ?" ಎಂದು ಕೇಳುತ್ತೇನೆ. ಉತ್ತರ ಪಕ್ಕದಲ್ಲಿ ನಿಂತ ಗಂಡನಿಂದ ಬರುತ್ತದೆ, ಇಲ್ಲವೇ ಮಗನಿಂದ. "ಏನಿಲ್ಲ ಡಾಕ್ಟ್ರೇ, ಸುಸ್ತು ಅಂತಾಳೆ, ಒಂದು ಟಾನಿಕ್ ಬರೀರಿ." ಆಕೆ ಸೆರಗಿನ ತುದಿ ನೋಡುತ್ತ ಕೂತಿರುತ್ತಾಳೆ. ತಿಂಗಳುಗಟ್ಟಲೆ ರಕ್ತಸ್ರಾವ ಆಗುತ್ತಿರುತ್ತದೆ, ಮಗನ ಮುಂದೆ ಹೇಳುವುದು ಹೇಗೆ? ಒಮ್ಮೆ ಗಂಡಸರನ್ನು ಹೊರಗೆ ಕೂರಿಸಿ ನರ್ಸಮ್ಮನನ್ನು ಒಳಗೆ ಕರೆದ ಮೇಲೆ ಒಬ್ಬ ತಾಯಿ ಎರಡು ವರ್ಷದ ಕಥೆ ಹೇಳಿದರು. ಆ ವೇಳೆಗೆ ಗರ್ಭಕೋಶದ ಕ್ಯಾನ್ಸರ್ ಬಹಳ ಮುಂದೆ ಹೋಗಿತ್ತು. ಅಕ್ಕಮಹಾದೇವಿಯವರು ತುಂಬಿದ ಸಭೆಯಲ್ಲಿ ಅಲ್ಲಮಪ್ರಭುಗಳ ಪ್ರಶ್ನೆಗಳಿಗೆ ಎದುರು ನಿಂತು ಉತ್ತರ ಕೊಟ್ಟರು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ನಮ್ಮ ಮನೆಯ ಹೆಣ್ಣುಮಕ್ಕಳಿಗೆ ವೈದ್ಯರ ಮುಂದೆ ತಮ್ಮ ಹೊಟ್ಟೆಯ ನೋವನ್ನು ತಾವೇ ಹೇಳಲು ಬಿಡುತ್ತಿಲ್ಲ. ಅಕ್ಕನ ಬಳಗದ ತಾಯಂದಿರು ಇದನ್ನು ದಯವಿಟ್ಟು ಮನಸ್ಸಿಗೆ ತೆಗೆದುಕೊಳ್ಳಬೇಕು. ಒಬ್ಬರಿಗೊಬ್ಬರು ಜೊತೆಯಾಗಿ ಆಸ್ಪತ್ರೆಗೆ ಹೋಗಿ.

ಅದೇ ತಾಯಿಯ ವಿಷಯದಲ್ಲಿ ಮುಂದೆ ಇನ್ನೊಂದು ಕಷ್ಟ ಬಂತು. ಮಕ್ಕಳು ಹೊರಗೆ ಕರೆದು, "ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳಬೇಡಿ ಡಾಕ್ಟ್ರೇ, ತಡೆದುಕೊಳ್ಳಲ್ಲ" ಎಂದರು. ಪ್ರತಿ ವೈದ್ಯರೂ ಈ ಮಾತು ಕೇಳಿರುತ್ತಾರೆ. ಅದರ ಹಿಂದೆ ಇರುವುದು ಪ್ರೀತಿಯೇ. ಆದರೆ ಒಳಗೆ ಹೋದರೆ ಆ ತಾಯಿ, "ಮಕ್ಕಳಿಗೆ ಹೇಳಬೇಡಿ, ನನಗೆ ಗೊತ್ತಾಗಿದೆ" ಎಂದರು. ಒಂದೇ ಮನೆಯಲ್ಲಿ ಎಲ್ಲರಿಗೂ ಗೊತ್ತು, ಎಲ್ಲರೂ ಒಬ್ಬರಿಂದೊಬ್ಬರು ಮುಚ್ಚಿಡುತ್ತಿದ್ದಾರೆ, ಎಲ್ಲರೂ ಒಂಟಿಯಾಗಿ ಅಳುತ್ತಿದ್ದಾರೆ. ಅವರ ಒಪ್ಪಿಗೆ ಪಡೆದು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡಿದೆ. ಆಕೆ ಮಗಳ ಮದುವೆಯ ಮಾತು ಮುಗಿಸಿದರು, ಸಣ್ಣ ಮನೆ ಯಾರಿಗೆಂದು ಹೇಳಿದರು, ಇಷ್ಟಲಿಂಗ ಪೂಜೆ ಕೊನೆಯ ತನಕ ಬಿಡಲಿಲ್ಲ. ಐದು ತಿಂಗಳಿಗೆ ಲಿಂಗೈಕ್ಯರಾದರು. ಸಾವನ್ನು ಹಬ್ಬದಂತೆ ಕಾಣಿರಿ ಎಂದ ಪರಂಪರೆ ನಮ್ಮದು. ಆ ಪರಂಪರೆಯವರಿಂದ ಸಾವಿನ ಸುದ್ದಿಯನ್ನು ಕದ್ದಿಡುವುದು ಅವರಿಗೆ ಮಾಡುವ ಅಪಚಾರ. ಎಲ್ಲವನ್ನೂ ಒಂದೇ ದಿನ ಮುಖಕ್ಕೆ ಹೊಡೆದಂತೆ ಹೇಳಿ ಎನ್ನುತ್ತಿಲ್ಲ. "ನಿಮ್ಮ ಕಾಯಿಲೆ ಬಗ್ಗೆ ಎಷ್ಟು ತಿಳ್ಕೋಬೇಕು ಅಂತ ಇದೆ?" ಎಂದು ಅವರನ್ನೇ ಕೇಳಿ, ಅವರು ಕೇಳಿದಷ್ಟು ಹೇಳಬೇಕು.

ಕೇಳುವುದು ನಿಮ್ಮ ಹಕ್ಕು ಎಂಬುದನ್ನೂ ತಿಳಿದಿರಿ. ಶಸ್ತ್ರಚಿಕಿತ್ಸೆಗೆ ಮುಂಚೆ ಏನು ಮಾಡುತ್ತಾರೆ, ಅಪಾಯವೇನು, ಬೇರೆ ದಾರಿ ಇದೆಯೇ ಎಂಬುದನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆದ್ದರಿಂದ ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ, ಓದಿ ಹೇಳಿ ಎನ್ನಿ. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳ ಪ್ರಕಾರ, ರೋಗಿ ಕೇಳಿದರೆ ಚಿಕಿತ್ಸೆಯ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕು. ಹಾಗೆಯೇ ವೈದ್ಯರ ಮೇಲೆ ಕೈ ಮಾಡುವವರಿಗೆ ಶಿಕ್ಷೆ ವಿಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 2009ರಿಂದ ಇದೆ. ಕೈ ಮಾಡುವುದು ಯಾವ ಕಾರಣಕ್ಕೂ ಸರಿಯಲ್ಲ. ಆದರೆ ಅಂಥ ಎಷ್ಟೋ ಜಗಳಗಳ ಬುಡ ನೋಡಿದರೆ, ತುರ್ತು ಚಿಕಿತ್ಸಾ ಕೊಠಡಿಯ ಹೊರಗೆ ಗಂಟೆಗಟ್ಟಲೆ ನಿಂತ ಮನೆಯವರ ಬಳಿ ಬಂದು "ಹೀಗಿದೆ ಪರಿಸ್ಥಿತಿ" ಎಂದು ಹೇಳಿದವರು ಒಬ್ಬರೂ ಇರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಹೂ ಮಾರುವ ಆ ತಾಯಿಯ ನಂತರ ನಾನು ಕಲಿತ ಒಂದು ಅಭ್ಯಾಸ ಹೇಳುತ್ತೇನೆ. "ಅರ್ಥ ಆಯ್ತಾ?" ಎಂದು ಈಗ ನಾನು ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಎಲ್ಲರೂ "ಆಯ್ತು" ಎನ್ನುತ್ತಾರೆ. ಗೌರವಕ್ಕೆ, ನಾಚಿಕೆಗೆ, ಹೊತ್ತಾಯಿತೆಂಬ ಅವಸರಕ್ಕೆ. ಅದರ ಬದಲು, "ಮನೆಗೆ ಹೋದ ಮೇಲೆ ಸೊಸೆ ಕೇಳ್ತಾಳೆ, ಡಾಕ್ಟರು ಏನಂದ್ರು ಅಂತ. ಏನು ಹೇಳ್ತೀರಿ, ನನಗೇ ಹೇಳಿ ನೋಡೋಣ" ಎನ್ನುತ್ತೇನೆ. ಅವರು ಹೇಳುವಾಗ ತಪ್ಪಿದರೆ ಅದು ನನ್ನ ತಪ್ಪು, ನಾನೇ ಮತ್ತೆ ಬಿಡಿಸಿ ಹೇಳಬೇಕು. ಇದಕ್ಕೆ ಒಂದು ನಿಮಿಷ ಸಾಕು. ಓದಲು ಬಾರದವರಿಗೆ ಮಾತ್ರೆಯ ಕವರಿನ ಮೇಲೆ ಸೂರ್ಯನನ್ನೋ ಚಂದ್ರನನ್ನೋ ಬರೆಯುತ್ತೇನೆ. ವಾರಕ್ಕೊಮ್ಮೆಯ ಮಾತ್ರೆಯಾದರೆ "ಸೋಮವಾರ ಮಾತ್ರ" ಎಂದು ಕನ್ನಡದಲ್ಲಿ ದಪ್ಪಗೆ ಬರೆದು, ಅದನ್ನು ಬೇರೆ ಕವರಿನಲ್ಲೇ ಹಾಕಿಸುತ್ತೇನೆ.

ನಿಮ್ಮ ಕಡೆಯಿಂದಲೂ ನಾಲ್ಕು ಕೆಲಸ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಮದ್ದನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿ. ಕೇಳಬೇಕಾದ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತನ್ನಿ, ಮುಖ್ಯವಾದದ್ದು ಮೊದಲು ಇರಲಿ, ಬಾಗಿಲ ಹತ್ತಿರ ಹೋದ ಮೇಲೆ ನೆನಪಾಗುವಂತೆ ಬೇಡ. ಮಾತ್ರೆ ಬಿಟ್ಟಿದ್ದರೆ ಬಿಟ್ಟೆ ಎನ್ನಿ, ದುಡ್ಡಿಲ್ಲದಿದ್ದರೆ ಇಲ್ಲ ಎನ್ನಿ, ಕಡಿಮೆ ಬೆಲೆಯದನ್ನು ಬರೆಯಲು ಬರುತ್ತದೆ. ಕೊನೆಗೆ, ವೈದ್ಯರು ಕೇಳದಿದ್ದರೂ ನೀವೇ ಒಮ್ಮೆ ತಿರುಗಿ ಹೇಳಿ: "ಡಾಕ್ಟ್ರೇ, ನೀವು ಹೇಳಿದ್ದು ಹೀಗೆ ತಾನೇ?"

ಕಡೆಯದಾಗಿ, ಪೂಜ್ಯರ ಸಾನ್ನಿಧ್ಯದಲ್ಲೇ ಒಂದು ಬಿನ್ನಹ. ನಮ್ಮ ಮಠಗಳು, ನಮ್ಮ ಸಮಾಜದ ವಿದ್ಯಾಸಂಸ್ಥೆಗಳು ಮೈಸೂರು, ಚಿತ್ರದುರ್ಗ, ಬೆಳಗಾವಿ, ಕಲಬುರಗಿಗಳಲ್ಲಿ ವೈದ್ಯಕೀಯ ಕಾಲೇಜುಗಳನ್ನು ನಡೆಸುತ್ತಿವೆ. 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ, ಸಂವಹನಗಳ ಪಾಠ ಸೇರಿದೆ. ಬೇರೆ ರಾಜ್ಯಗಳಿಂದ ಬಂದ ಮಕ್ಕಳಿಗೆ ಸ್ಥಳೀಯ ಭಾಷೆ ಕಲಿಸಲು ಅವಕಾಶವಿದೆ. ಅದು ಹಾಜರಾತಿಗಷ್ಟೇ ಉಳಿಯಬಾರದು. ಕನ್ನಡದಲ್ಲಿ ವೈದ್ಯಕೀಯ ಹೇಳಲಾಗದು ಎನ್ನುವವರಿಗೆ ಡಾ. ಅನುಪಮಾ ನಿರಂಜನ ಅವರ 'ತಾಯಿ–ಮಗು' ತೋರಿಸಬೇಕು. ಇದೇ ಬೆಂಗಳೂರಿನಲ್ಲಿ ವೈದ್ಯರಾಗಿದ್ದು 1942ರಲ್ಲಿ 'ಕೊರವಂಜಿ' ಹೊರಡಿಸಿದ ರಾಶಿಯವರನ್ನು, ರೋಗಶಾಸ್ತ್ರವನ್ನು ಕನ್ನಡದಲ್ಲಿ ಬರೆದು ಹಂಚಿದ ಡಾ. ಸ.ಜ. ನಾಗಲೋಟಿಮಠರನ್ನು ನೆನಪಿಸಬೇಕು. ನಮ್ಮ ಕಾಲೇಜಿನಿಂದ ಹೊರಬರುವ ಪ್ರತಿ ವೈದ್ಯರಿಗೂ ಹೊಟ್ಟೆ ಕಡಿತ ಎಂದರೇನೆಂದು ಗೊತ್ತಿರಬೇಕು. ಆಸ್ಪತ್ರೆ ಕಟ್ಟುವುದು ದಾಸೋಹ. ಆ ಆಸ್ಪತ್ರೆಯಲ್ಲಿ ಬಡವನಿಗೆ ತಿಳಿಯುವಂತೆ ಮಾತಾಡುವುದೂ ದಾಸೋಹವೇ.

ಆ ತಾಯಿ ಈಗಲೂ ಬರುತ್ತಾರೆ. ಬೇರೆ ಮಾತ್ರೆಯಲ್ಲಿ ಬೆರಳುಗಳು ಹಿಡಿತಕ್ಕೆ ಬಂದಿವೆ. ಪ್ರತಿ ಸಲ ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಏನಾದರೊಂದು ಕೇಳುತ್ತಾರೆ. ಕೆಲವೊಮ್ಮೆ ಏನೂ ಇಲ್ಲದಿದ್ದರೂ ಕೇಳುತ್ತಾರೆ, ನನ್ನನ್ನು ಪರೀಕ್ಷೆ ಮಾಡುತ್ತಾರೋ ಏನೋ. ನಾನು ಪೆನ್ನು ಕೆಳಗಿಟ್ಟು, ಅವರ ಮುಖ ನೋಡಿ ಉತ್ತರ ಹೇಳುತ್ತೇನೆ.

 ನನ್ನ ಮಾತಿನಲ್ಲಿ ತಿಳಿಯದ್ದಿದ್ದರೆ ಈಗ ಕೇಳಿ, ನಾನು ಎಲ್ಲಿಗೂ ಹೋಗುವುದಿಲ್ಲ.